ಗಲ್ಲಾ ಬಿಟ್ಟು ಓಡಿದ ಹುಡುಗ ಭೂಮಿಯನ್ನೇ ನಿಲ್ಲಿಸಿದ!

ಪೇಟೆ ಬೀದಿಯ ಜವಳಿ ಅಂಗಡಿಗಳಲ್ಲಿ ಥಾನು ಬಿಚ್ಚಿ ಹರವಿ, ಗಿರಾಕಿ ಬೇಡವೆಂದು ಎದ್ದು ಹೋದ ಮೇಲೆ ಮತ್ತೆ ಮಡಿಸಿಡುವ ಹುಡುಗರನ್ನು ದಿನಾ ನೋಡುತ್ತೇವೆ. ಕೈ ಮಡಿಸುತ್ತಿರುತ್ತದೆ, ಕಣ್ಣು ಇನ್ನೆಲ್ಲೋ ಇರುತ್ತದೆ. ಆ ಹುಡುಗನ ತಲೆಯೊಳಗೆ ಏನು ಓಡುತ್ತಿದೆ ಅಂತ ಧಣಿಯೂ ಕೇಳುವುದಿಲ್ಲ, ಗಿರಾಕಿಯೂ ಕೇಳುವುದಿಲ್ಲ.

ಇಂಥದೇ ಒಬ್ಬ ಹುಡುಗ 1880ರಲ್ಲಿ ಇಂಗ್ಲೆಂಡಿನ ವಿಂಡ್ಸರ್ ಪಟ್ಟಣದ ಜವಳಿ ಅಂಗಡಿಯೊಂದರ ಗಲ್ಲಾದಲ್ಲಿ ಕೂತಿದ್ದ. ವಯಸ್ಸು ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಬಂದ ದುಡ್ಡು ಎಣಿಸಿಕೊಳ್ಳಬೇಕು, ಚಿಲ್ಲರೆ ಕೊಡಬೇಕು, ರಾತ್ರಿ ಲೆಕ್ಕ ಒಪ್ಪಿಸಬೇಕು. ಹುಡುಗ ಮೇಜಿನ ಮರೆಯಲ್ಲಿ ಪುಸ್ತಕ ಓದುತ್ತಿದ್ದ. ಲೆಕ್ಕ ತಾಳೆಯಾಗಲಿಲ್ಲ. ಈ ಹುಡುಗನಿಗೆ ಕೆಲಸದ ಮೇಲೆ ಗಮನವಿಲ್ಲ ಎಂದು ಮನೆಗೆ ಕಳಿಸಿಬಿಟ್ಟರು.

ಆ ಹುಡುಗನೇ ಎಚ್.ಜಿ. ವೆಲ್ಸ್. ಕಾಲಯಂತ್ರ, ಅದೃಶ್ಯ ಮನುಷ್ಯ, ಮಂಗಳ ಗ್ರಹದವರ ದಾಳಿ - ಇವೆಲ್ಲ ಆತನ ಕಾದಂಬರಿಗಳು. ಸಿನಿಮಾ ಆದವು, ಹೆಸರು ಮಾಡಿದವು. ಆ ಗದ್ದಲದಲ್ಲಿ ಆತನ ಸಣ್ಣಕತೆಗಳು ಹಿಂದೆ ಬಿದ್ದವು. ಆದರೆ ಒಂದು ಬಸ್ ಪ್ರಯಾಣದಲ್ಲಿ ಓದಿ ಮುಗಿಸಬಹುದಾದ ಆ ಕತೆಗಳಲ್ಲೇ ವೆಲ್ಸ್ ಎಂಬ ಮನುಷ್ಯ ಹೆಚ್ಚು ಹತ್ತಿರದಲ್ಲಿ ಸಿಗುತ್ತಾನೆ. ಇಷ್ಟೊಂದು ವಿಚಿತ್ರ ಕಲ್ಪನೆ ಎಲ್ಲಿಂದ ಬಂತು ಎಂದು ಬೇರು ಹುಡುಕುತ್ತಾ ಹೋದರೆ ಪ್ರಯೋಗಶಾಲೆ ಸಿಗುವುದು ಆಮೇಲೆ. ಮೊದಲು ಸಿಗುವುದು ನಡೆಯದ ಒಂದು ಅಂಗಡಿ, ಒಂದು ನೆಲಮಾಳಿಗೆ, ಒಂದು ಮುರಿದ ಕಾಲು.

ಮೇಲೆ ಓಡಾಡುವ ಬೂಟುಗಳು

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಲಂಡನ್ನಿಗೆ ಹತ್ತಿರದ ಬ್ರಾಮ್ಲಿ ಎಂಬ ಪಟ್ಟಣದಲ್ಲಿ. ಮನೆಯವರು ಕರೆಯುತ್ತಿದ್ದುದು ಬರ್ಟಿ ಎಂದು. ಅಪ್ಪ ಜೋಸೆಫ್ ಹಿಂದೆ ತೋಟದ ಮಾಲಿಯಾಗಿದ್ದವನು. ಅಮ್ಮ ಸಾರಾ ದೊಡ್ಡ ಮನೆಯೊಂದರಲ್ಲಿ ಚಾಕರಿ ಮಾಡಿದವಳು. ಒಂದಿಷ್ಟು ಪಿತ್ರಾರ್ಜಿತದ ಹಣ ಕೈಗೆ ಬಂತು ಅಂತ ನೆಂಟನೊಬ್ಬನ ಪಿಂಗಾಣಿ, ಗಾಜಿನ ಸಾಮಾನಿನ ಅಂಗಡಿಯನ್ನು ವಹಿಸಿಕೊಂಡರು. ಅದೇ ತಪ್ಪಾಯಿತು. ಜಾಗ ಸರಿಯಿಲ್ಲ, ಮಾಲು ಹಳತು, ಗಿರಾಕಿ ಕಮ್ಮಿ. ನೆಂಟ ಯಾಕೆ ಬಿಟ್ಟುಕೊಟ್ಟ ಎಂಬುದು ಆಮೇಲೆ ತಿಳಿಯಿತು!

ಅಂಗಡಿಗಿಂತ ಮನೆಗೆ ಆಸರೆಯಾದದ್ದು ಅಪ್ಪನ ಕ್ರಿಕೆಟ್ಟು. ಜೋಸೆಫ್ ಒಳ್ಳೆ ಬೌಲರ್. 1862ರಲ್ಲಿ ಕೆಂಟ್ ತಂಡದ ಪರವಾಗಿ ಸಸೆಕ್ಸ್ ವಿರುದ್ಧ ಆಡುವಾಗ ಸತತ ನಾಲ್ಕು ಚೆಂಡಿಗೆ ನಾಲ್ಕು ವಿಕೆಟ್ ಕಿತ್ತ ಗಟ್ಟಿಗ. ಪಿಂಗಾಣಿ ತಟ್ಟೆಗಳ ಪಕ್ಕದಲ್ಲೇ ಬ್ಯಾಟು, ಚೆಂಡು ಇಟ್ಟು ಮಾರುತ್ತಿದ್ದ. ಆಟ ಹೇಳಿಕೊಟ್ಟು ನಾಲ್ಕು ಕಾಸು ತರುತ್ತಿದ್ದ.

ಮನೆಯ ಅಡುಗೆಕೋಣೆ ಇದ್ದದ್ದು ಅಂಗಡಿಯ ಕೆಳಗೆ, ನೆಲಮಾಳಿಗೆಯಲ್ಲಿ. ಬೆಳಕು ಬರುತ್ತಿದ್ದುದು ರಸ್ತೆಯ ಮಟ್ಟದಲ್ಲಿದ್ದ ಕಬ್ಬಿಣದ ಜಾಲರಿಯಿಂದ. ಬರ್ಟಿ ಕೆಳಗಿನಿಂದ ತಲೆಯೆತ್ತಿ ನೋಡಿದರೆ ಹೋಗಿಬರುವವರ ಮುಖ ಕಾಣದು, ಬೂಟು ಮಾತ್ರ ಕಾಣುವುದು. ತೂತು ಬಿದ್ದದ್ದು, ಹಿಮ್ಮಡಿ ಸವೆದದ್ದು, ಅಪರೂಪಕ್ಕೆ ಹೊಸದು. ಜಗತ್ತಿನಲ್ಲಿ ಮೇಲೆ ನಡೆಯುವವರು, ಕೆಳಗೆ ಕೂತವರು ಅಂತ ಎರಡು ಜಾತಿ ಇದೆ ಎಂಬ ಪಾಠ ಆ ಮಗುವಿಗೆ ಪುಸ್ತಕದಿಂದ ಆಗಲಿಲ್ಲ. ಆ ಜಾಲರಿಯ ಕೆಳಗೇ ಆಯಿತು.

ಕಾಲು ಮುರಿದದ್ದೇ ಭಾಗ್ಯ

1874ರಲ್ಲಿ ಬರ್ಟಿಗೆ ಏಳು ವರ್ಷ. ಆಟದ ಬಯಲಿನಲ್ಲಿ ಒಬ್ಬ ದೊಡ್ಡ ಹುಡುಗ ಪ್ರೀತಿಗೆ ಎತ್ತಿ ಮೇಲೆ ಹಾರಿಸಿದ, ಹಿಡಿಯಲು ಹೋಗಿ ಕೈ ತಪ್ಪಿತು. ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ವಾರಗಟ್ಟಲೆ ಹಾಸಿಗೆ. ಬೇಜಾರು ಕಳೆಯಲಿ ಅಂತ ಅಪ್ಪ ಊರಿನ ಲೈಬ್ರರಿಯಿಂದ ಪುಸ್ತಕ ತಂದು ಹಾಕತೊಡಗಿದ. ದೂರದೇಶದ ವಿವರ, ಪ್ರಾಣಿಗಳ ಚಿತ್ರ. ಒಂದು ಪುಸ್ತಕದಲ್ಲಿದ್ದ ಗೊರಿಲ್ಲಾದ ಚಿತ್ರ ಎಷ್ಟು ಹೆದರಿಸಿತೆಂದರೆ ರಾತ್ರಿ ಮನೆಯ ಕತ್ತಲ ಮೂಲೆಗಳಲ್ಲೆಲ್ಲ ಅದು ಹಿಂದೆ ಬಂದಂತಾಗುತ್ತಿತ್ತು. ಮುಂದೆ ಈತ ಲಕ್ಷಾಂತರ ಜನರನ್ನು ಇದೇ ಥರ ಹೆದರಿಸಿದ! ತನ್ನ ಕಾಲು ಮುರಿಯದೇ ಹೋಗಿದ್ದರೆ ತಾನೂ ಅಂಗಡಿ ಗುಮಾಸ್ತನಾಗಿ ಸವೆದು ಸಾಯುತ್ತಿದ್ದೆನೆಂದು ವೆಲ್ಸ್ ಕೊನೆತನಕ ನಂಬಿದ್ದ.

ಮೂರು ವರ್ಷದ ಮೇಲೆ, 1877ರಲ್ಲಿ, ಅಪ್ಪನ ಕಾಲೂ ಮುರಿಯಿತು. ಮಗನದು ಭಾಗ್ಯವಾದರೆ ಅಪ್ಪನದು ಮನೆಗೆ ಬಿದ್ದ ಸಿಡಿಲು. ಕ್ರಿಕೆಟ್ ನಿಂತಿತು, ದುಡ್ಡು ನಿಂತಿತು. 1880ರಲ್ಲಿ ಅಮ್ಮ ಮತ್ತೆ ಚಾಕರಿಗೆ ಹೊರಟಳು - ಸಸೆಕ್ಸ್ ಸೀಮೆಯ ಅಪ್‌ಪಾರ್ಕ್ ಎಂಬ ಜಮೀನ್ದಾರರ ಬಂಗಲೆಗೆ, ಮನೆವಾರ್ತೆ ನೋಡಿಕೊಳ್ಳುವವಳಾಗಿ. ಇಬ್ಬರು ಅಣ್ಣಂದಿರು ಆಗಲೇ ಜವಳಿ ಅಂಗಡಿ ಸೇರಿದ್ದರು. ಸಾರಾಳ ಪಾಲಿಗೆ ಜವಳಿ ಕೆಲಸ ಅಂದರೆ ಮರ್ಯಾದಸ್ಥರ ಕೆಲಸ, ಮಳೆಗೆ ನೆನೆಯದ ಕೆಲಸ. ಬಡತನ ಕಂಡ ತಾಯಿ, ಅವಳನ್ನು ತಪ್ಪೆನ್ನುವ ಹಾಗಿಲ್ಲ. ಬರ್ಟಿಯನ್ನೂ ಅದಕ್ಕೇ ತಳ್ಳಿದಳು.

ಹದಿನೇಳು ಮೈಲಿ ನಡಿಗೆ

ವಿಂಡ್ಸರ್ ಕೆಟ್ಟಿತು. ಕೆಲವು ದಿನ ಔಷಧಿ ಅಂಗಡಿಯಲ್ಲಿ ಗುಳಿಗೆ ಕಟ್ಟಿದ. ಆಮೇಲೆ 1881ರಲ್ಲಿ ಸೌತ್‌ಸೀ ಎಂಬ ಕಡಲ ತೀರದ ಊರಿನ ದೊಡ್ಡ ಜವಳಿ ಅಂಗಡಿಗೆ ಉಮೇದುವಾರನಾಗಿ ಸೇರಿಸಿದರು. ಕಲಿಸಿಕೊಡಲು ಧಣಿಗೇ ಹಣ ಕಟ್ಟಬೇಕಾದ ಕರಾರು. ದಿನಕ್ಕೆ ಹದಿಮೂರು ಗಂಟೆ ಕೆಲಸ. ಮಲಗುವುದು ಇತರ ಹುಡುಗರ ಜೊತೆ ಸಾಲುಮಂಚದ ಕೋಣೆಯಲ್ಲಿ. ಗುಡಿಸು, ಕಿಟಕಿ ಒರೆಸು, ಥಾನು ಜೋಡಿಸು, ಬೈಗುಳ ತಿನ್ನು.

ಎರಡು ವರ್ಷ ಹಲ್ಲು ಕಚ್ಚಿ ತಡೆದ. 1883ರ ಒಂದು ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಅಂಗಡಿಯಿಂದ ಹೊರಬಿದ್ದ. ಅಮ್ಮ ಇದ್ದ ಬಂಗಲೆಗೆ ಹದಿನೇಳು ಮೈಲಿ. ಪೂರ್ತಿ ನಡೆದ. ಚರ್ಚು ಮುಗಿಸಿ ಬಂಗಲೆಯ ಆಳುಕಾಳುಗಳೆಲ್ಲ ಸಾಲಾಗಿ ವಾಪಸಾಗುತ್ತಿರುವಾಗ ದಾರಿಯಲ್ಲೇ ಅಮ್ಮನ ಎದುರು ನಿಂತ. ಅಂಗಡಿಗೆ ಇನ್ನು ಹೋಗುವುದಿಲ್ಲ, ಬಲವಂತ ಮಾಡಿದರೆ ಜೀವ ಇಟ್ಟುಕೊಳ್ಳುವುದಿಲ್ಲ ಎಂದ. ಸಾರಾ ಅತ್ತಳು, ಬೇಡಿಕೊಂಡಳು. ಕಟ್ಟಿದ ಹಣ ಮುಳುಗುತ್ತದೆ, ಮರ್ಯಾದೆ ಹೋಗುತ್ತದೆ. ಆದರೆ ಹುಡುಗ ಜಗ್ಗಲಿಲ್ಲ. ಹಿಂದೆ ಪಾಠ ಹೇಳಿದ್ದ ಮಿಡ್‌ಹರ್ಸ್ಟ್ ಊರಿನ ಶಾಲೆಯ ಮುಖ್ಯೋಪಾಧ್ಯಾಯ ಹೊರೇಸ್ ಬಯಾಟ್, ಹುಡುಗನ ಚುರುಕು ಕಂಡಿದ್ದವನು, ಸಹಾಯಕ ಮೇಷ್ಟರ ಕೆಲಸ ಕೊಟ್ಟು ಕೈಹಿಡಿದ.

ಆ ಹದಿನೇಳು ಮೈಲಿ ನಡಿಗೆಯೇ ವೆಲ್ಸ್ ಬರೆದ ಎಲ್ಲ ಕತೆಗಳ ಒಳಗಿರುವ ಕತೆ. ಒಬ್ಬ ಸಾಮಾನ್ಯ ಮನುಷ್ಯ, ಅವನ ಸುತ್ತ ಒಂದು ಗೋಡೆ, ಗೋಡೆಯಲ್ಲಿ ಇದ್ದಕ್ಕಿದ್ದಂತೆ ಒಂದು ಬಾಗಿಲು.

ಸುರಂಗ, ದುರ್ಬೀನು, ಹಕ್ಸ್ಲಿ

ಅಮ್ಮ ಚಾಕರಿಗಿದ್ದ ಅಪ್‌ಪಾರ್ಕ್ ಬಂಗಲೆಯೇ ಹುಡುಗನಿಗೆ ಇನ್ನೊಂದು ಪಾಠಶಾಲೆ. ಅಲ್ಲಿ ಹಳೆ ಜಮೀನ್ದಾರರ ಲೈಬ್ರರಿಯಿತ್ತು. ಪ್ಲೇಟೋ ಓದಿದ, ವಾಲ್ಟೇರ್ ಓದಿದ, ಗಲಿವರನ ಪ್ರವಾಸಗಳನ್ನು ಕತ್ತರಿ ಹಾಕದ ಪ್ರತಿಯಲ್ಲಿ ಓದಿದ. ಅಟ್ಟದಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ದುರ್ಬೀನನ್ನು ತಾನೇ ಜೋಡಿಸಿ ರಾತ್ರಿಯೆಲ್ಲ ಚಂದ್ರನ ಗುಣಿಗಳನ್ನು ನೋಡುತ್ತಾ ಕೂತ. ಇನ್ನೊಂದೂ ಇತ್ತು - ಸುರಂಗ. ಅಡುಗೆಯವರು, ಆಳುಗಳು ದೊಡ್ಡವರ ಕಣ್ಣಿಗೆ ಬೀಳದೆ ಓಡಾಡಲಿ ಎಂದು ನೆಲದಡಿಯಲ್ಲಿ ತೋಡಿದ್ದ ದಾರಿ. 1895ರ ಕಾಲಯಂತ್ರದ ಕತೆಯಲ್ಲಿ ಮೇಲೆ ಬಿಸಿಲಲ್ಲಿ ಆಡಿಕೊಂಡಿರುವ ಜನ, ಕೆಳಗೆ ಕತ್ತಲಲ್ಲಿ ಯಂತ್ರ ತಿರುಗಿಸುವ ಜನ ಅಂತ ಮನುಷ್ಯಕುಲವೇ ಎರಡಾಗಿ ಸೀಳಿಹೋಗುತ್ತದಲ್ಲ, ಅದರ ಹಿಂದೆ ಈ ಸುರಂಗವೂ ಇದೆ, ಬ್ರಾಮ್ಲಿಯ ಜಾಲರಿಯೂ ಇದೆ.

ಸಹಾಯಕ ಮೇಷ್ಟರಾಗಿ ಪರೀಕ್ಷೆ ಮೇಲೆ ಪರೀಕ್ಷೆ ಪಾಸು ಮಾಡಿದ ವೆಲ್ಸ್‌ಗೆ 1884ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಿಜ್ಞಾನ ಶಾಲೆಯಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕಿತು. ವಾರಕ್ಕೆ ಒಂದು ಗಿನಿ, ಅಂದರೆ ಇಪ್ಪತ್ತೊಂದು ಶಿಲ್ಲಿಂಗು. ಅರೆಹೊಟ್ಟೆ. ಆದರೆ ಜೀವಶಾಸ್ತ್ರದ ಪಾಠ ಹೇಳುತ್ತಿದ್ದವನು ಥಾಮಸ್ ಹಕ್ಸ್ಲಿ, ಡಾರ್ವಿನ್ನನ ಪರವಾಗಿ ಇಡೀ ಇಂಗ್ಲೆಂಡಿನ ಜೊತೆ ವಾದಕ್ಕೆ ನಿಂತ ಮಹಾನುಭಾವ. ಮನುಷ್ಯನೂ ಪ್ರಾಣಿಗಳಲ್ಲೊಂದು ಪ್ರಾಣಿ, ಇದ್ದವರು ಅಳಿಯಬಹುದು, ಯಾವ ಜೀವಿಗೂ ಇಲ್ಲಿ ಖಾಯಂ ಪಟ್ಟಾ ಇಲ್ಲ - ಹಕ್ಸ್ಲಿಯ ಆ ಒಂದು ವರ್ಷದ ಪಾಠ ವೆಲ್ಸನ ತಲೆಯಲ್ಲಿ ಕಲ್ಲಿನ ಗೀರಾಗಿ ಉಳಿಯಿತು. ಮುಂದಿನ ಎರಡು ವರ್ಷ ಬೇರೆ ಮೇಷ್ಟರ ಪಾಠ ರುಚಿಸಲಿಲ್ಲ. ಕಾಲೇಜು ಪತ್ರಿಕೆ, ಚರ್ಚಾಕೂಟ ಅಂತ ತಿರುಗಿದ. 1887ರಲ್ಲಿ ಭೂಗರ್ಭಶಾಸ್ತ್ರದಲ್ಲಿ ಫೇಲು!

ವೇಲ್ಸ್ ಸೀಮೆಯ ಸಣ್ಣ ಶಾಲೆಯೊಂದಕ್ಕೆ ಮೇಷ್ಟರಾಗಿ ಹೋದರೆ ಅಲ್ಲಿ ಫುಟ್‌ಬಾಲ್ ಆಟದಲ್ಲಿ ಹೊಡೆತ ಬಿದ್ದು ಮೂತ್ರಪಿಂಡಕ್ಕೇ ಪೆಟ್ಟಾಯಿತು. ಅದರ ಬೆನ್ನಿಗೆ ಬಾಯಿಂದ ರಕ್ತ. ಕ್ಷಯವೆಂದು ಅನುಮಾನ. ಹುಡುಗ ಬದುಕುವುದೇ ಕಷ್ಟ ಅಂದರು. ಅಂಥ ಸ್ಥಿತಿಯಲ್ಲೂ ಛಲ ಬಿಡದೆ 1890ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಬಿ.ಎಸ್ಸಿ. ಮುಗಿಸಿದ. ಟ್ಯೂಷನ್ ಹೇಳಿದ, ಪಠ್ಯಪುಸ್ತಕ ಬರೆದ. 1893ರಲ್ಲಿ ಮತ್ತೆ ರಕ್ತ ಕಾರಿದಾಗ ನಿಂತು ಪಾಠ ಹೇಳುವ ಕೆಲಸ ಮುಗಿಯಿತು. ಇನ್ನು ಕೂತು ಮಾಡುವ ಕೆಲಸವೇ ಗತಿ. ಪೆನ್ನು ಹಿಡಿದ.

ಸಂಜೆ ಪತ್ರಿಕೆಗೆ ಐದು ಗಿನಿಯ ಕತೆ

ಆಗ ಲಂಡನ್ನಿನಲ್ಲಿ 'ಪಾಲ್ ಮಾಲ್ ಗೆಜೆಟ್' ಎಂಬ ಸಂಜೆ ಪತ್ರಿಕೆಯಿತ್ತು. ಅದರ ಜೊತೆಗೇ ಒಂದು ವಾರಪತ್ರಿಕೆ. ಕೆಲಸ ಮುಗಿಸಿ ರೈಲಿನಲ್ಲಿ ಮನೆಗೆ ಹೋಗುವ ಗುಮಾಸ್ತರು, ಅಂಗಡಿಯವರು ಓದುವ ಪತ್ರಿಕೆಗಳ ಕಾಲ ಅದು. ವೆಲ್ಸ್ ಮೊದಮೊದಲು ಕಂಡದ್ದು ಕೇಳಿದ್ದರ ಮೇಲೆ ಚಿಕ್ಕ ಲೇಖನ ಬರೆದುಕೊಟ್ಟ. ವಾರಪತ್ರಿಕೆಯ ಸಂಪಾದಕ ಲೂಯಿಸ್ ಹಿಂಡ್ ಈತನಿಗಿದ್ದ ವಿಜ್ಞಾನದ ಓದನ್ನು ನೋಡಿ, ಒಂದೇ ಕೂತಿಗೆ ಓದಿ ಮುಗಿಸುವಂಥ ವಿಜ್ಞಾನದ ಕತೆ ಬರೆಯಲು ಹೇಳಿದ. ಕತೆಗೆ ಐದು ಗಿನಿ. ವಿದ್ಯಾರ್ಥಿಯಾಗಿದ್ದಾಗ ಐದು ವಾರಕ್ಕೆ ಸಿಗುತ್ತಿದ್ದ ಹಣ ಒಂದು ಕತೆಗೆ!

ವೆಲ್ಸ್ ತನ್ನ ವಿಧಾನವನ್ನು ಮುಂದೆ ತಾನೇ ವಿವರಿಸಿದ್ದಾನೆ. ಕಣ್ಣೆದುರಿನ ಯಾವುದಾದರೂ ಒಂದು ಮಾಮೂಲಿ ವಸ್ತುವನ್ನು ಹಿಡಿದುಕೊಂಡು ಅದರ ಸುತ್ತ ಯೋಚನೆಯನ್ನು ಸಡಿಲ ಬಿಟ್ಟರಾಯಿತು, ಸ್ವಲ್ಪ ಹೊತ್ತಿಗೆ ಕತ್ತಲಿನಿಂದ ಒಂದು ಘಟನೆ ತಾನೇ ಎದ್ದು ಬರುತ್ತಿತ್ತಂತೆ. ಆರ್ಕಿಡ್ ಗಿಡ, ಗಾಜಿನ ನಳಿಗೆ, ಮೊಟ್ಟೆ, ಡೈನಮೋ, ಇರುವೆ - ಏನಾದರೂ ಸರಿ.

ಆ ಸಾಲಿನ ಮೊದಲ ಕತೆ, 1894ರ 'ದಿ ಸ್ಟೋಲನ್ ಬ್ಯಾಸಿಲಸ್'. ಕಾಲರಾ ರೋಗಾಣು ಯಾವುದೆಂದು ಜರ್ಮನಿಯ ರಾಬರ್ಟ್ ಕಾಕ್ ಈಜಿಪ್ಟಿನಲ್ಲೂ ನಮ್ಮ ಕಲ್ಕತ್ತೆಯಲ್ಲೂ ಶೋಧಿಸಿ ತೋರಿಸಿ ಆಗಿನ್ನೂ ಹತ್ತು ವರ್ಷ. 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಡಿದು ಸಾವಿರಾರು ಜನ ಸತ್ತಿದ್ದರು. ಈ ಭಯವನ್ನೇ ಹಿಡಿದು ವೆಲ್ಸ್ ಕತೆ ಕಟ್ಟಿದ. ವಿಜ್ಞಾನಿಯೊಬ್ಬ ಬಂದ ಅತಿಥಿಗೆ ಜಂಬದಿಂದ ಕಾಲರಾ ನಳಿಗೆ ತೋರಿಸುತ್ತಾನೆ. ಅತಿಥಿ ಒಬ್ಬ ಅರಾಜಕತಾವಾದಿ. ಲಂಡನ್ನಿನ ನೀರಿಗೆ ಸುರಿಯಲೆಂದು ಅದನ್ನು ಕದ್ದು ಕುದುರೆಗಾಡಿ ಹತ್ತಿ ಪರಾರಿ! ಹಿಂದೆ ಟೋಪಿಯಿಲ್ಲದೆ ಓಡುವ ವಿಜ್ಞಾನಿ, ಅವನ ಹಿಂದೆ ಟೋಪಿ, ಕೋಟು ಹಿಡಿದು ಓಡುವ ಹೆಂಡತಿ. ದಾರಿಯಲ್ಲಿ ನಳಿಗೆ ಒಡೆಯುತ್ತದೆ, ಕಳ್ಳ ಉಳಿದದ್ದನ್ನು ತಾನೇ ಕುಡಿಯುತ್ತಾನೆ. ಕಡೆಗೆ ನೋಡಿದರೆ ಅದು ಕಾಲರಾ ಅಲ್ಲ, ಕೋತಿಗಳ ಮೈಗೆ ನೀಲಿ ಮಚ್ಚೆ ತರಿಸುವ ಬೇರೆಯೇ ರೋಗಾಣು. ನಗೆಯ ಕತೆಯೇ. ಆದರೆ ರೋಗವನ್ನೇ ಆಯುಧ ಮಾಡಬಹುದು, ಒಬ್ಬನ ಜೇಬಿನಲ್ಲಿ ಒಂದು ಊರಿನ ಸಾವು ಹಿಡಿಸಬಹುದು ಎಂಬ ಮಾತು ಆ ನಗೆಯ ಕೆಳಗಿದೆ.

ಅಂಗಡಿಯವರೇ ನಾಯಕರು

ವೆಲ್ಸನ ಕತೆಗಳಲ್ಲಿ ರಾಜರಿಲ್ಲ, ಸೇನಾಧಿಪತಿಗಳು ಅಪರೂಪ. ಅದ್ಭುತ ಬಂದು ಬಾಗಿಲು ತಟ್ಟುವುದು ಗುಮಾಸ್ತನ ಮನೆಗೆ, ಸಣ್ಣ ವ್ಯಾಪಾರಿಯ ಅಂಗಡಿಗೆ.

1897ರ 'ದಿ ಕ್ರಿಸ್ಟಲ್ ಎಗ್' ನೋಡಿ. ಕೇವ್ ಎಂಬ ಮುದುಕ, ಲಂಡನ್ನಿನ ಗಲ್ಲಿಯಲ್ಲಿ ಹಳೆ ಸಾಮಾನಿನ ಅಂಗಡಿ. ವ್ಯಾಪಾರ ಅಷ್ಟಕ್ಕಷ್ಟೆ, ಮನೆಯಲ್ಲಿ ಹೆಂಡತಿ ಮಕ್ಕಳ ಕಾಟ. ಅಂಗಡಿಯಲ್ಲಿ ಒಂದು ಸ್ಫಟಿಕದ ಮೊಟ್ಟೆ. ಗಿರಾಕಿಗಳು ಐದು ಪೌಂಡ್ ಕೊಡುತ್ತೇವೆ ಎಂದರೂ ಮುದುಕ ಮಾರಲೊಲ್ಲ. ಯಾಕೆ? ಕತ್ತಲಲ್ಲಿ ಅದರೊಳಗೆ ಇಣುಕಿದರೆ ಅವನಿಗೆ ಮಂಗಳ ಗ್ರಹ ಕಾಣುತ್ತದೆ! ಅಲ್ಲಿಯ ಕಾಲುವೆ, ಕಟ್ಟಡ, ರೆಕ್ಕೆಯ ಜೀವಿಗಳು. ಅವನ ಬದುಕಿನಲ್ಲಿ ಅದೊಂದೇ ಸುಖ. ಒಂದು ಬೆಳಗ್ಗೆ ಮೊಟ್ಟೆ ಹಿಡಿದುಕೊಂಡೇ, ಮುಖದಲ್ಲಿ ನಗೆ ಇಟ್ಟುಕೊಂಡೇ ಸತ್ತು ಬಿದ್ದಿರುತ್ತಾನೆ. ಹೆಂಡತಿ ಮೊಟ್ಟೆಯನ್ನು ಉಳಿದ ಸಾಮಾನಿನ ಜೊತೆ ಮಾರಿಬಿಡುತ್ತಾಳೆ. ಆ ಅಂಗಡಿಯ ಧೂಳು ವೆಲ್ಸ್ ಎಲ್ಲಿಂದಲೋ ತಂದದ್ದಲ್ಲ. ಅದು ಅಪ್ಪನ ಪಿಂಗಾಣಿ ಅಂಗಡಿಯದೇ.

1896ರ 'ದಿ ಪರ್ಪಲ್ ಪೈಲಿಯಸ್' ಇನ್ನೂ ತಮಾಷೆ. ಕೂಂಬ್ಸ್ ಎಂಬ ಪುಕ್ಕಲು ಅಂಗಡಿಯವ. ಕೈಲಿ ಕಾಸಿಲ್ಲ, ಹೆಂಡತಿಗೆ ಗೆಳತಿಯರ ಗುಂಪು ಸೇರಿಸಿ ಕುಣಿತ. ಬೇಸತ್ತು ಸಾಯಲು ಕಾಡಿಗೆ ಹೋಗಿ ನೇರಳೆ ಬಣ್ಣದ ನಾಯಿಕೊಡೆ ತಿನ್ನುತ್ತಾನೆ. ಸಾಯುವ ಬದಲು ತಲೆಗೆ ಅಮಲೇರಿ ಹುಲಿಯಾಗಿ ಮನೆಗೆ ಬರುತ್ತಾನೆ. ನಂಟರು ದಿಕ್ಕಾಪಾಲು. ಅಂದಿನಿಂದ ಮನೆಯೂ ಸರಿಹೋಯಿತು, ವ್ಯಾಪಾರವೂ ಕುದುರಿತು ಅಂತ ಕತೆ.

1903ರ 'ದಿ ಟ್ರೂತ್ ಅಬೌಟ್ ಪೈಕ್ರಾಫ್ಟ್' ತಕ್ಕಡಿ ಹಿಡಿಯುವವರು ಓದಲೇಬೇಕಾದದ್ದು. ಇದಕ್ಕೆ ಹಿಂದೂಸ್ತಾನದ ನಂಟೂ ಉಂಟು. ಪೈಕ್ರಾಫ್ಟ್ ಎಂಬ ಢೊಳ್ಳಿನ ಮನುಷ್ಯ ತೂಕ ಇಳಿಸಬೇಕೆಂದು ಗಂಟುಬೀಳುತ್ತಾನೆ. ಗೆಳೆಯನ ಮುತ್ತಜ್ಜಿ ಹಿಂದೂ ಹೆಂಗಸು, ಅವಳ ಮದ್ದಿನ ಚೀಟಿ ಸಿಗುತ್ತದೆ. ಮದ್ದು ಹೇಳಿದ್ದನ್ನೇ ಮಾಡುತ್ತದೆ - ತೂಕ ಹೋಗುತ್ತದೆ, ಕೊಬ್ಬು ಹೋಗುವುದಿಲ್ಲ! ಆಸಾಮಿ ಬಲೂನಿನ ಹಾಗೆ ಹೋಗಿ ಸೂರಿಗೆ ಅಂಟಿಕೊಳ್ಳುತ್ತಾನೆ. ಕಡೆಗೆ ಸೀಸದ ತಗಡು ಹೊಲಿದ ಒಳಉಡುಪು ತೊಟ್ಟು ನೆಲದ ಮೇಲೆ ಓಡಾಡಬೇಕಾಗುತ್ತದೆ. ಕೇಳುವಾಗ ಏನು ಕೇಳುತ್ತಿದ್ದೇವೆ ಎಂದು ನೋಡಿ ಕೇಳಬೇಕು ಎಂಬುದೇ ನೀತಿ.

ಭೂಮಿಗೆ ಬ್ರೇಕು ಹಾಕಿದರೆ?

1898ರ 'ದಿ ಮ್ಯಾನ್ ಹೂ ಕುಡ್ ವರ್ಕ್ ಮಿರಕಲ್ಸ್' ಬಸ್ಸಿನಲ್ಲಿ ನಿಂತು ಹೋಗುವವರಿಗೆ ಬೇಗ ಅರ್ಥವಾಗುವ ಕತೆ. ಫಾದರಿಂಗೇ ಎಂಬ ಗುಮಾಸ್ತನಿಗೆ ಇದ್ದಕ್ಕಿದ್ದಂತೆ ಪವಾಡ ಮಾಡುವ ಶಕ್ತಿ ಬಂದುಬಿಡುತ್ತದೆ. ಹೇಳಿದ್ದು ಆಗುತ್ತದೆ. ಮೊದಲು ದೀಪ ತಲೆಕೆಳಗು ಮಾಡುತ್ತಾನೆ. ಕಾಟ ಕೊಟ್ಟ ಪೊಲೀಸನನ್ನು ಸ್ಯಾನ್‌ಫ್ರಾನ್ಸಿಸ್ಕೋಗೆ ರವಾನಿಸುತ್ತಾನೆ. ರಾತ್ರಿ ಸಾಲದು, ಇನ್ನೂ ಒಳ್ಳೆ ಕೆಲಸ ಮಾಡಲು ಸಮಯ ಬೇಕು ಅಂತ ಪಾದ್ರಿಯೊಬ್ಬ ಕಿವಿಯೂದಿದಾಗ, ತಿರುಗುವುದನ್ನು ನಿಲ್ಲಿಸು ಎಂದು ಭೂಮಿಗೇ ಅಪ್ಪಣೆ ಮಾಡುತ್ತಾನೆ.

ಆಮೇಲೆ? ಡ್ರೈವರ್ ಗಕ್ಕನೆ ಬ್ರೇಕು ಹಾಕಿದರೆ ಬಸ್ಸು ನಿಲ್ಲುತ್ತದೆ, ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಭೂಮಿಯ ಮೇಲ್ಮೈ ಸಮಭಾಜಕದಲ್ಲಿ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ. ಅದಕ್ಕೆ ಒಮ್ಮೆಲೇ ಬ್ರೇಕು ಬಿದ್ದರೆ ಮನೆ, ಮರ, ದನ, ಜನ, ಸಮುದ್ರದ ನೀರು ಎಲ್ಲವೂ ಕಿತ್ತು ಹಾರಬೇಕು. ಕತೆಯಲ್ಲಿ ಹಾಗೇ ಆಗುತ್ತದೆ. ಗುಮಾಸ್ತ ಪ್ರಾಣಭಯದಿಂದ ಎಲ್ಲ ಮೊದಲಿನಂತಾಗಲಿ, ತನ್ನ ಶಕ್ತಿಯೂ ಹೋಗಲಿ ಎಂದು ಬೇಡಿಕೊಂಡು ಪಾರಾಗುತ್ತಾನೆ. ಒಂದೇ ಒಂದು ಅಸಂಭವವನ್ನು ಒಪ್ಪಿಸು, ಉಳಿದದ್ದೆಲ್ಲ ವಿಜ್ಞಾನದ ಲೆಕ್ಕದ ಪ್ರಕಾರ ನಡೆಯಲಿ - ವೆಲ್ಸ್ ಕತೆಯ ಗುಟ್ಟು ಇದೇ. ಜತೆಗೆ ಇನ್ನೊಂದು ಮಾತು: ಬುದ್ಧಿ ಬೆಳೆಯದ ಕೈಗೆ ಶಕ್ತಿ ಸಿಕ್ಕರೆ ಒಳ್ಳೆಯ ಮನಸ್ಸಿದ್ದರೂ ಊರು ಹಾಳು.

ಹಕ್ಸ್ಲಿಯ ಪಾಠವೂ ಕತೆಗಳಲ್ಲಿ ತಿರುತಿರುಗಿ ಬರುತ್ತದೆ. 1897ರ 'ದಿ ಸ್ಟಾರ್' ಕತೆಯಲ್ಲಿ ಹೊಸ ನಕ್ಷತ್ರವೊಂದು ಭೂಮಿಯ ಹತ್ತಿರ ಹಾದುಹೋಗುತ್ತದೆ. ಕಡಲು ಉಕ್ಕಿ ದೇಶ ದೇಶಗಳೇ ಮುಳುಗುತ್ತವೆ. ಹಿಂದೂಸ್ತಾನದ ಬಯಲೂ ಮುಳುಗಿ ಜನ ದೇವಸ್ಥಾನಗಳ ಮೇಲೆ ಹತ್ತಿ ನಿಲ್ಲುತ್ತಾರೆ. ಕಡೆಗೆ ಮಂಗಳ ಗ್ರಹದ ಖಗೋಳಿಗಳು ದುರ್ಬೀನಿನಲ್ಲಿ ನೋಡಿ, ಭೂಮಿಗೆ ಅಂಥ ಹಾನಿಯೇನೂ ಆಗಿಲ್ಲ, ಧ್ರುವದ ಬಿಳುಪು ಸ್ವಲ್ಪ ಕುಗ್ಗಿದೆ ಅಷ್ಟೆ ಎಂದು ಬರೆದುಕೊಳ್ಳುತ್ತಾರೆ! ಅಟ್ಟದ ದುರ್ಬೀನಿನಲ್ಲಿ ಚಂದ್ರನನ್ನು ನೋಡಿದ ಹುಡುಗ ಇಲ್ಲಿ ದುರ್ಬೀನನ್ನು ತಿರುಗಿಸಿ ಹಿಡಿದಿದ್ದಾನೆ. 1905ರ 'ದಿ ಎಂಪೈರ್ ಆಫ್ ದಿ ಆಂಟ್ಸ್' ಕತೆಯಲ್ಲಿ ಅಮೆಜಾನ್ ಕಾಡಿನ ಇರುವೆಗಳು ಬುದ್ಧಿ ಕಲಿತು, ವಿಷ ಹಿಡಿದು, ಊರೂರೇ ವಶ ಮಾಡಿಕೊಂಡು ಬರುತ್ತವೆ. ಎದುರಿಸಲು ಹೋದ ಸರ್ಕಾರಿ ಫಿರಂಗಿ ದೋಣಿಯ ಕ್ಯಾಪ್ಟನ್ ಒಂದು ಗುಂಡು ಹಾರಿಸಿ ವಾಪಸಾಗುತ್ತಾನೆ. ಅಂಗಡಿಯ ಬೆಲ್ಲದ ಮೂಟೆಗೆ ಮುತ್ತಿದ ಇರುವೆಯನ್ನೇ ತಡೆಯಲಾರದವರಿಗೆ ಈ ಕ್ಯಾಪ್ಟನ್ ಮೇಲೆ ಕನಿಕರ ಬರಬೇಕು.

ಎಲ್ಲವೂ ಚೆನ್ನ ಎನ್ನುವ ಹಾಗೂ ಇಲ್ಲ. 1894ರ 'ದಿ ಲಾರ್ಡ್ ಆಫ್ ದಿ ಡೈನಮೋಸ್' ಕತೆಯಲ್ಲಿ ವಿದ್ಯುತ್ ಯಂತ್ರವನ್ನೇ ದೇವರೆಂದು ಪೂಜಿಸಿ ಅದಕ್ಕೆ ನರಬಲಿ ಕೊಡುವ ಏಷ್ಯಾದ ಕೂಲಿಯವನೊಬ್ಬನಿದ್ದಾನೆ. ಅವನ ಬಣ್ಣ, ಬುದ್ಧಿಯ ಬಗ್ಗೆ ಬರೆದಿರುವ ರೀತಿ ಆ ಕಾಲದ ಬಿಳಿಯರ ಸೊಕ್ಕಿನದೇ. ಮೇಲೆ ನಡೆಯುವವರ ಬೂಟನ್ನು ಕೆಳಗಿನಿಂದ ಕಂಡವನಿಗೂ ಅಲ್ಲಿ ಕಣ್ಣು ತಪ್ಪಿತು. ಆದರೆ ಕೂಲಿಯವನನ್ನು ದಿನಾ ಒದೆಯುವ ಬಿಳಿ ಮೇಸ್ತ್ರಿಯ ಕ್ರೌರ್ಯವನ್ನೂ ಅದೇ ಕತೆಯಲ್ಲಿ ಮುಚ್ಚಿಡದೆ ಬರೆದಿದ್ದಾನೆ.

ಕಣ್ಣಿದ್ದವನೇ ಹುಚ್ಚ

ವೆಲ್ಸನ ಅತ್ಯುತ್ತಮ ಕತೆ ಎಂದು ಬಹಳ ಜನ ಒಪ್ಪುವುದು 1904ರ 'ದಿ ಕಂಟ್ರಿ ಆಫ್ ದಿ ಬ್ಲೈಂಡ್'. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ನಡುವೆ, ಹೊರಜಗತ್ತಿನ ದಾರಿ ಮುಚ್ಚಿಹೋದ ಒಂದು ಕಣಿವೆ. ತಲೆಮಾರುಗಳಿಂದ ಅಲ್ಲಿ ಎಲ್ಲರೂ ಹುಟ್ಟುಕುರುಡರು. ನೂನ್ಯೆಜ್ ಎಂಬವನು ಬೆಟ್ಟದಿಂದ ಜಾರಿ ಅಲ್ಲಿಗೆ ಬೀಳುತ್ತಾನೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಕುರುಡರ ನಾಡಿಗೆ ತಾನೇ ರಾಜ ಎಂದುಕೊಳ್ಳುತ್ತಾನೆ. ಆಗುವುದೇ ಬೇರೆ. ನೋಡುವುದು ಎಂಬ ಮಾತೇ ಆ ಜನರ ಭಾಷೆಯಲ್ಲಿಲ್ಲ. ಕಿಟಕಿಯಿಲ್ಲದ ಮನೆ ಕಟ್ಟಿ, ತಂಪು ಹೊತ್ತಿನಲ್ಲಿ ದುಡಿದು, ಬಿಸಿ ಹೊತ್ತಿನಲ್ಲಿ ಮಲಗಿ, ಅಚ್ಚುಕಟ್ಟಾಗಿ ಬಾಳುತ್ತಿದ್ದಾರೆ. ಆಕಾಶ, ನಕ್ಷತ್ರ ಎನ್ನುವವನೇ ಅವರಿಗೆ ಹುಚ್ಚ. ಅಲ್ಲಿಯ ಹುಡುಗಿಯೊಬ್ಬಳನ್ನು ಅವನು ಪ್ರೀತಿಸಿದಾಗ ಊರಿನ ವೈದ್ಯ ರೋಗ ಕಂಡುಹಿಡಿಯುತ್ತಾನೆ: ಮುಖದ ಮೇಲಿರುವ ಆ ಎರಡು ಮೆತ್ತನೆ ಉಂಡೆಗಳೇ ಹುಚ್ಚಿಗೆ ಕಾರಣ, ಕಿತ್ತುಹಾಕಿದರೆ ಮದುವೆ ಮಾಡಿಕೊಡಬಹುದು. ನೂನ್ಯೆಜ್ ಒಪ್ಪಿಯೂಬಿಡುತ್ತಾನೆ. ಕಡೆಯ ಬೆಳಗ್ಗೆ ಸೂರ್ಯನನ್ನು ನೋಡಿ ಮನಸ್ಸು ತಡೆಯದೆ ಬೆಟ್ಟ ಹತ್ತಿಬಿಡುತ್ತಾನೆ.

ಜವಳಿ ಅಂಗಡಿಯ ಮೇಜಿನ ಮರೆಯಲ್ಲಿ ಪುಸ್ತಕ ಓದುತ್ತಿದ್ದ ಹುಡುಗನಿಗೂ ಇದೇ ಹೇಳಿದ್ದರು - ಆ ಕಣ್ಣು ಬಿಟ್ಟುಬಿಡು, ಸುಖವಾಗಿರುತ್ತೀ. ಹಾಗೆ ಹೇಳಿದವರು ಕೆಟ್ಟವರಲ್ಲ, ಹೆತ್ತತಾಯಿಯೂ ಅವರಲ್ಲೊಬ್ಬಳು. ಈ ಕತೆ ಕರುಳು ಹಿಂಡುವುದು ಅದಕ್ಕೇ.

ಇಲ್ಲಿಗೆ ಮುಗಿಯಲಿಲ್ಲ. 1903ರ 'ದಿ ಲ್ಯಾಂಡ್ ಐರನ್‌ಕ್ಲಾಡ್ಸ್' ಕತೆಯಲ್ಲಿ ವೆಲ್ಸ್ ನೆಲದ ಮೇಲೆ ತೆವಳುವ ಉಕ್ಕಿನ ಯುದ್ಧರಥ ಕಲ್ಪಿಸಿದ್ದ. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿ ನಿಜವಾದ ಟ್ಯಾಂಕುಗಳು ಇಳಿದವು. 1914ರ ಕಾದಂಬರಿಯಲ್ಲಿ ಅಣುಬಾಂಬ್ ಎಂಬ ಮಾತು ಬಳಸಿದ್ದ. 1945ರಲ್ಲಿ ಹಿರೋಷಿಮಾ ಸುಟ್ಟಿತು. ಕತೆ ಎಂದು ಓದಿ ಮಡಿಸಿಟ್ಟವರೇ ಹೆಚ್ಚು, ಎಚ್ಚರಿಕೆ ಎಂದು ಓದಿದವರು ಕಮ್ಮಿ.

1939ರಲ್ಲಿ, ಎರಡನೇ ಮಹಾಯುದ್ಧ ಶುರುವಾದ ವರ್ಷ, ಎಪ್ಪತ್ತು ದಾಟಿದ ವೆಲ್ಸ್ ಕುರುಡರ ನಾಡಿನ ಕತೆಗೆ ಬೇರೆ ಅಂತ್ಯ ಬರೆದ. ಹೊಸ ಅಂತ್ಯದಲ್ಲಿ ನೂನ್ಯೆಜ್‌ಗೆ ಬೆಟ್ಟದಲ್ಲಿ ಬಿರುಕು ಕಾಣುತ್ತದೆ. ಗುಡ್ಡ ಕುಸಿದು ಊರು ಮುಚ್ಚಿಹೋಗುತ್ತದೆ ಎಂದು ಕೂಗುತ್ತಾನೆ. ಯಾರೂ ನಂಬುವುದಿಲ್ಲ. ಗುಡ್ಡ ಕುಸಿಯುತ್ತದೆ. ಪ್ರೀತಿಸಿದ ಹುಡುಗಿಯನ್ನು ಮಾತ್ರ ಉಳಿಸಿಕೊಂಡು ಹೊರಬರುತ್ತಾನೆ. ಮೊದಲ ಕತೆಯಲ್ಲಿ ಕಣ್ಣು ಅವನೊಬ್ಬನ ಸಂಪತ್ತು. ಎರಡನೆಯದರಲ್ಲಿ ಕಣ್ಣಿದ್ದೂ ಊರನ್ನು ಉಳಿಸಲಾಗದ ಸಂಕಟ. ನಡುವೆ ಮೂವತ್ತೈದು ವರ್ಷ, ಒಂದು ಮಹಾಯುದ್ಧ, ಎರಡನೆಯದರ ಆರಂಭ. ತನ್ನ ಗೋರಿಯ ಮೇಲೆ ಏನು ಬರೆಯಬೇಕೆಂದರೆ, ತಾನು ಮೊದಲೇ ಹೇಳಿದ್ದೆ, ಮೂರ್ಖರು ಕೇಳಲಿಲ್ಲ ಎಂಬ ಅರ್ಥದ ಬೈಗುಳವನ್ನೇ ಆತ ಸೂಚಿಸಿದ್ದ.

ಬಾಂಬು ಬೀಳುತ್ತಿದ್ದ ದಿನಗಳಲ್ಲೂ ಲಂಡನ್ ಬಿಟ್ಟು ಕದಲದ ವೆಲ್ಸ್, 1946ರ ಆಗಸ್ಟ್ 13ರಂದು ಅಲ್ಲೇ ತನ್ನ ಮನೆಯಲ್ಲಿ ತೀರಿಕೊಂಡ. ಎಪ್ಪತ್ತೊಂಬತ್ತು ವರ್ಷ. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು, ಹಾಗಾಗಿ ಗೋರಿಯ ಮಾತು ಗೋರಿಗೆ ಬರಲೇ ಇಲ್ಲ.

ಬ್ರಾಮ್ಲಿಯ ಆ ಪಿಂಗಾಣಿ ಅಂಗಡಿ ಏನಾಯಿತು? ಅದಿದ್ದ ಜಾಗವನ್ನು ಪಕ್ಕದ ದೊಡ್ಡ ಜವಳಿ ಅಂಗಡಿಯೊಂದು ನುಂಗಿ ಬೆಳೆಯಿತು. ವೆಲ್ಸ್ ಹುಟ್ಟಿದ್ದು ಇಲ್ಲೇ ಎಂಬ ಫಲಕ ಆ ಜಾಗದಲ್ಲಿ ಹಾಕಿದ್ದಾರೆ. ಜವಳಿ ಅಂಗಡಿಯಿಂದ ಹದಿನೇಳು ಮೈಲಿ ಓಡಿದವನ ಹೆಸರು ಕೊನೆಗೆ ಬಂದು ನಿಂತದ್ದು ಜವಳಿ ಅಂಗಡಿಯ ಗೋಡೆಗೇ!